ಎರಡನೇ ಚರಣ

ನನ್ನ ಫೋನಿನಲ್ಲಿ ಒಂದು ಆಡಿಯೋ ಫೈಲ್ ಇದೆ. ಉದ್ದ 2 ನಿಮಿಷ 41 ಸೆಕೆಂಡ್. ಹಾಡಿರೋದು ನನ್ನ ಸೋದರಮಾವ. ಹಾಡೂ ಅವರದೇ, ರಾಗವೂ ಅವರದೇ. ಪಲ್ಲವಿ ಇದೆ, ಮೊದಲನೇ ಚರಣ ಇದೆ, ಮತ್ತೆ ಪಲ್ಲವಿ. ಎರಡನೇ ಚರಣಕ್ಕೆ ಬಂದಾಗ ಮಾತಿಲ್ಲ, ಬರೀ ‘ತನನ ನಾನ’ ಅಂತ ಗುನುಗ್ತಾರೆ. ಅದೂ ಅರ್ಧಕ್ಕೇ ನಿಂತುಹೋಗುತ್ತೆ. ಮಾವ 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ ಹೋಗಿಬಿಟ್ಟರು.

ಈ ಹಾಡನ್ನ ಪೂರ್ತಿ ಮಾಡೋಕೆ ಹೋಗಿ ನಾನು ಏನೇನು ಕಿತಾಪತಿ ಮಾಡಿದೆ ಅನ್ನೋದನ್ನ ಬರೀತಿದೀನಿ. ಎಲ್‌ಕೆಜಿಯಿಂದ ಪಿಯುಸಿ ತನಕ ಇಂಗ್ಲಿಷ್ ಮೀಡಿಯಂ ನಾನು. ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮಾವನಿಗೆ ತಿಪಟೂರಲ್ಲಿ ಟಿವಿ, ಮಿಕ್ಸಿ ರಿಪೇರಿ ಅಂಗಡಿ ಇತ್ತು. ಅದು ಹೊಟ್ಟೆಪಾಡು. ಗಣಪತಿ ಹಬ್ಬದಿಂದ ರಾಜ್ಯೋತ್ಸವದ ತನಕ ಮಾತ್ರ ಅವರು ಬೇರೆಯೇ ಮನುಷ್ಯ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಿದ್ರು. ಇವತ್ತು ಒಂದು ಊರಿನ ಪೆಂಡಾಲ್, ನಾಳೆ ಇನ್ನೊಂದು ಊರಿನ ಶಾಲೆ ಮೈದಾನ. ರಜ ಇದ್ದಾಗ ನಾನೂ ವ್ಯಾನ್ ಹತ್ತುತ್ತಿದ್ದೆ. ನನ್ನ ಕೆಲಸ ವೈರ್ ಸುತ್ತೋದು. ಮೊಣಕೈಗೆ ಸುತ್ತಬಾರದು, ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ ಸುತ್ತಬೇಕು, ಇಲ್ಲಾಂದ್ರೆ ಒಳಗಿನ ತಂತಿ ತಿರುಚಿಕೊಳ್ಳುತ್ತೆ. ಇದನ್ನ ಇವತ್ತಿಗೂ ನಮ್ಮ ಲ್ಯಾಬಲ್ಲಿ ಯಾರೂ ಸರಿಯಾಗಿ ಮಾಡಲ್ಲ.

ಸ್ಪೀಕರ್‌ನಿಂದ ‘ಗುಂಯ್’ ಅಂತ ಸದ್ದು ಬಂದ್ರೆ ಮಿಕ್ಕವರು ಮೈಕ್ ತಟ್ಟಿ, ‘ಹಲೋ ಹಲೋ’ ಅಂತ ನೋಡೋರು. ಮಾವ ಸೀದಾ ಸ್ಟೇಜ್ ಹಿಂದೆ ಹೋಗಿ ಅರ್ಥಿಂಗ್ ನೋಡೋರು. “ಇದು ಮೈಕಿಂದಲ್ಲ ಪುಟ್ಟಿ, ಕರೆಂಟಿಂದು” ಅನ್ನೋರು. 50 ಹರ್ಟ್ಸ್ ಅನ್ನೋ ಪದವನ್ನ ನಾನು ಮೊದಲು ಕೇಳಿದ್ದು ಯಾವ ಕ್ಲಾಸಲ್ಲೂ ಅಲ್ಲ, ಆ ಸ್ಟೇಜ್ ಹಿಂದಿನ ಕತ್ತಲೆಯಲ್ಲಿ.

ಹೀಗಾಗಿ ಫಸ್ಟ್ ಇಯರ್‌ನಲ್ಲಿ ನನ್ನ ರೂಮ್‌ಮೇಟ್ ಒಂದು ರಾತ್ರಿ ‘ಬಾ ಇಲ್ಲಿ, ಇದನ್ನ ನೋಡು’ ಅಂತ ಲ್ಯಾಪ್‌ಟಾಪ್ ತಿರುಗಿಸಿದಾಗ ನಾನು ಸಿಕ್ಕಿಬಿದ್ದೆ. ಅವಳು ಬೀಟಲ್ಸ್ ಹುಚ್ಚಿ. ತೋರಿಸಿದ್ದು ‘ನೌ ಅಂಡ್ ದೆನ್’ ಹಾಡು ಹೇಗೆ ತಯಾರಾಯ್ತು ಅನ್ನೋ 12 ನಿಮಿಷದ ಸಾಕ್ಷ್ಯಚಿತ್ರ. ಸಂಗೀತಕ್ಕಿಂತ ಮುಂಚೆ ನನಗೆ ಹಿಡಿಸಿದ್ದು ಆ ಕಥೆಯಲ್ಲಿ ವಿಲನ್ ಯಾರು ಅನ್ನೋದು. ವಿಲನ್ ಅದೇ ಗುಂಯ್ ಸದ್ದು!

ಕಥೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಡಕೋಟಾ ಅನ್ನೋ ಕಟ್ಟಡದಲ್ಲಿದ್ದ ತನ್ನ ಮನೆಯಲ್ಲಿ ಪಿಯಾನೋ ಮುಂದೆ ಕೂತು ಕ್ಯಾಸೆಟ್‌ನಲ್ಲಿ ಕೆಲವು ಹಾಡು ರೆಕಾರ್ಡ್ ಮಾಡಿಟ್ಟಿದ್ದ. ಸ್ಟುಡಿಯೋ ಅಲ್ಲ, ಮನೆ. 1980ರ ಡಿಸೆಂಬರ್ 8ರಂದು ಅವನ ಕೊಲೆಯಾಯ್ತು. 1994ರಲ್ಲಿ ಅವನ ಹೆಂಡತಿ ಯೋಕೋ ಓನೋ ಆ ಟೇಪ್‌ಗಳನ್ನ ಪಾಲ್ ಮೆಕಾರ್ಟ್ನಿಗೆ ಕೊಟ್ಟಳು. ಪಾಲ್, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಮೂವರೂ ಸೇರಿ, ಜೆಫ್ ಲಿನ್ ಜೊತೆಯಲ್ಲಿ, ಎರಡು ಹಾಡು ಮುಗಿಸಿದರು: 1995ರಲ್ಲಿ ‘ಫ್ರೀ ಆಸ್ ಎ ಬರ್ಡ್’, 1996ರಲ್ಲಿ ‘ರಿಯಲ್ ಲವ್’. ಮೂರನೆಯದೇ ‘ನೌ ಅಂಡ್ ದೆನ್’. ಅದರ ಟೇಪಲ್ಲಿ ಕರೆಂಟಿನ ಗುಂಯ್ ಜಾಸ್ತಿ, ಪಿಯಾನೋ ಬೇರೆ ಜಾನ್ ದನಿಯ ಮೇಲೆ ಹತ್ತಿ ಕೂತಿದೆ. ಸ್ವಲ್ಪ ಪ್ರಯತ್ನ ಪಟ್ಟು ಕೈಬಿಟ್ಟರು. ಜಾರ್ಜ್‌ಗಂತೂ ಅದು ಇಷ್ಟವೇ ಆಗಿರಲಿಲ್ಲ.

ನಾನು ಅವತ್ತು ದೊಡ್ಡ ಇಂಜಿನಿಯರ್ ಥರ, ‘ನಾಚ್ ಫಿಲ್ಟರ್ ಹಾಕಿ 60 ಹರ್ಟ್ಸ್ ತೆಗೆದುಬಿಟ್ರೆ ಆಯ್ತಲ್ಲ, ಅದಕ್ಯಾಕೆ 28 ವರ್ಷ?’ ಅಂದಿದ್ದೆ. (ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್, ನಮ್ಮದು 50.) ಈಗ ಗೊತ್ತು. ಗುಂಯ್ ಅನ್ನೋದು 60ಕ್ಕೆ ನಿಲ್ಲಲ್ಲ; 120, 180, 240 ಅಂತ ಏಣಿ ಹತ್ತುತ್ತಾ ಹೋಗುತ್ತೆ. ಗಂಡಸಿನ ದನಿ ಓಡಾಡೋದೂ ಅದೇ ಮೆಟ್ಟಿಲುಗಳ ಮೇಲೆ. ಪಿಯಾನೋದ ಎಡಗೈ ಭಾಗವೂ ಅಲ್ಲೇ. ಫಿಲ್ಟರ್‌ಗೆ ಯಾರು ಗುಂಯ್, ಯಾರು ಜಾನ್ ಅಂತ ಗೊತ್ತಾಗಲ್ಲ. ಅದು ಜಾಗ ನೋಡಿ ಹೊಡೆಯುತ್ತೆ, ಮುಖ ನೋಡಿ ಅಲ್ಲ.

ಮುಖ ನೋಡೋ ಯಂತ್ರ ಬಂದದ್ದು ಆಮೇಲೆ. ಪೀಟರ್ ಜಾಕ್ಸನ್ 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕೋಸ್ಕರ 1969ರ ಹಳೇ ಮೋನೋ ಟೇಪ್‌ಗಳನ್ನ ಬಿಡಿಸಬೇಕಿತ್ತು. ಮಾತಾಡೋದು ಕ್ಯಾಮೆರಾದವರಿಗೆ ಕೇಳಿಸಬಾರದು ಅಂತ ಬೀಟಲ್ಸ್‌ನವರು ಬೇಕಂತಲೇ ಗಿಟಾರ್ ಕುಟ್ಟುತ್ತಿದ್ದರಂತೆ. ಗಿಟಾರ್ ಹೇಗಿರುತ್ತೆ, ಮನುಷ್ಯರ ದನಿ ಹೇಗಿರುತ್ತೆ ಅಂತ ಕಂಪ್ಯೂಟರ್‌ಗೆ ಕಲಿಸಿ, ಒಂದೇ ಟ್ರ್ಯಾಕಿನಿಂದ ಎರಡನ್ನೂ ಬೇರೆ ಮಾಡಿದರು. ಆ ವ್ಯವಸ್ಥೆಗೆ ಇಟ್ಟ ಹೆಸರು ‘ಮಾಲ್’. ಬೀಟಲ್ಸ್ ಜೊತೆ ಊರೂರು ಸುತ್ತುತ್ತಿದ್ದ ರೋಡ್ ಮ್ಯಾನೇಜರ್ ಮಾಲ್ ಇವಾನ್ಸ್ ನೆನಪಿಗೆ. ವೈರ್ ಸುತ್ತೋರ ಪಂಗಡದ ನನಗೆ ಈ ಹೆಸರು ಕೇಳಿ ಎಷ್ಟು ಖುಷಿಯಾಯ್ತು ಅಂತ ಹೇಳೋಕಾಗಲ್ಲ.

ಅದೇ ವಿಧಾನದಿಂದ ಜಾನ್ ದನಿಯನ್ನ ಕ್ಯಾಸೆಟ್‌ನಿಂದ ಎತ್ತಿದರು. ಜಾರ್ಜ್ 2001ರಲ್ಲೇ ತೀರಿಕೊಂಡಿದ್ದ; 1995ರಲ್ಲಿ ನುಡಿಸಿಟ್ಟಿದ್ದ ಅವನ ಗಿಟಾರ್ ಸಿಕ್ಕಿತು. ಪಾಲ್, ರಿಂಗೋ ಹೊಸದಾಗಿ ನುಡಿಸಿದರು. 2023ರ ನವೆಂಬರ್ 2ಕ್ಕೆ ಹಾಡು ಹೊರಗೆ ಬಂತು, 2025ರಲ್ಲಿ ಗ್ರ್ಯಾಮಿಯೂ ಬಂತು.

ಇಷ್ಟು ನೋಡಿದ ಮೇಲೆ ನನ್ನ ತಲೆಯಲ್ಲಿ ಓಡಿದ್ದು ಒಂದೇ: ಮಾವನ ಫೈಲ್.

ಅದಕ್ಕೆ ಸರಿಯಾಗಿ ಈ ವರ್ಷ ಮಾವನ ಆರ್ಕೆಸ್ಟ್ರಾದವರು ಅತ್ತೆ ಹತ್ತಿರ ಬಂದಿದ್ದರು. ಗಣಪತಿ ಹಬ್ಬದ ಪ್ರೋಗ್ರಾಂನಲ್ಲಿ ಅವರದೊಂದು ಸ್ವಂತ ಹಾಡು ಹಾಕಬೇಕು ಅಂತ. ಅತ್ತೆ ನನಗೆ ಫೋನ್ ಮಾಡಿ, “ಅದು ಅರ್ಧ ಇದ್ಯಲ್ಲೇ, ನೀನು ಇಂಜಿನಿಯರಿಂಗ್ ಓದ್ತಿದೀಯ, ಪೂರ್ತಿ ಮಾಡಿಕೊಡೋಕಾಗುತ್ತಾ?” ಅಂದರು. ಇಂಜಿನಿಯರಿಂಗ್ ಓದೋರಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲವೂ ಬರುತ್ತೆ ಅನ್ನೋ ನಂಬಿಕೆ ನಿಮ್ಮ ಮನೆಯಲ್ಲೂ ಇರುತ್ತೆ. ನಾನು ‘ಆಗುತ್ತೆ ಅತ್ತೆ’ ಅಂದೆ. ಯೋಚನೆ ಕೂಡ ಮಾಡಲಿಲ್ಲ.

ಫೈಲ್ ತೆರೆದ ಮೊದಲ ದಿನವೇ ಹೊಡೆತ. ಹಳೇ ಫೋನಿನ ಎಎಂಆರ್ ಫೈಲ್, ಸೆಕೆಂಡಿಗೆ 8000 ಸ್ಯಾಂಪಲ್. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಲ್ಲಿ ನಿದ್ದೆ ಮಾಡದೇ ಇದ್ದವರಿಗೆ ಗೊತ್ತು: ನೈಕ್ವಿಸ್ಟ್ ಪ್ರಕಾರ 4000 ಹರ್ಟ್ಸ್ ಮೇಲೆ ಏನೂ ಇಲ್ಲ. ‘ಸ’, ‘ಶ’ ಎಲ್ಲ ಒಂದೇ ಥರ ಮಂಕು. ಹಿಂದೆ ಫ್ಯಾನ್. ಎರಡು ಸಲ ಕುಕ್ಕರ್ ಕೂಗುತ್ತೆ.

ಮೆಟಾದವರು ಬಿಟ್ಟಿರೋ ಡೆಮಕ್ಸ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿದೆ. ಅದು ಹಾಡನ್ನ ನಾಲ್ಕು ಪಾಲು ಮಾಡುತ್ತೆ: ದನಿ, ಡ್ರಮ್ಸ್, ಬೇಸ್, ಮತ್ತೆ ‘ಇತರೆ’. ಇಂಥ ಮಾಡೆಲ್‌ಗಳನ್ನ ಕಲಿಸೋಕೆ ಬಳಸೋ ಹೆಸರುವಾಸಿ ಡೇಟಾಸೆಟ್ ಮ್ಯೂಸ್‌ಡಿಬಿ18ರಲ್ಲಿ ಇರೋದು 150 ಹಾಡು, ಬಹುಪಾಲು ಪಾಶ್ಚಾತ್ಯ ಪಾಪ್, ರಾಕ್. ತಿಪಟೂರಿನ ಅಡುಗೆಮನೆ ಅದಕ್ಕೆ ಹೇಗೆ ಗೊತ್ತಿರಬೇಕು? ಮೊದಲ ಸಲ ಓಡಿಸಿದಾಗ ಕುಕ್ಕರ್ ವಿಷಲ್ ದನಿಯ ಪಾಲಿಗೆ ಬಂತು, ಮಾವ ಕೀಬೋರ್ಡ್ ಮೇಲೆ ಬೆರಳಲ್ಲಿ ತಾಳ ಹಾಕಿದ್ದು ಡ್ರಮ್ಸ್ ಪಾಲಿಗೆ ಹೋಯ್ತು. ನಾನು, ರೂಮ್‌ಮೇಟ್ ಬಿದ್ದು ಬಿದ್ದು ನಕ್ಕೆವು. ಎರಡು ವಾರ ಒದ್ದಾಡಿ, ಕೈಯಲ್ಲೇ ಕುಕ್ಕರ್ ಕತ್ತರಿಸಿ, ಫ್ಯಾನ್ ತಗ್ಗಿಸಿ, ಕಡೆಗೆ ಮಾವನ ದನಿ ಒಂದೇ ಬಂದಾಗ ರಾತ್ರಿ ಎರಡು ಗಂಟೆ. ಹೆಡ್‌ಫೋನ್ ಹಾಕಿಕೊಂಡು ಪಲ್ಲವಿ ಕೇಳಿದೆ. ಪಕ್ಕದಲ್ಲಿ ನಿಂತ ಹಾಗಿತ್ತು. ಆಮೇಲೆ ನಕ್ಕಿಲ್ಲ.

ಇನ್ನು ಎರಡನೇ ಚರಣ. ಅದಕ್ಕೆ ಮಾತೇ ಇಲ್ಲವಲ್ಲ. ನಾನೇ ನಾಲ್ಕು ಸಾಲು ಬರೆದೆ. ಎರಡರಲ್ಲಿ ‘ಮಳೆ’ ಬಂತು, ಒಂದರಲ್ಲಿ ‘ಮನಸು’. ಕನ್ನಡ ಭಾವಗೀತೆ ಬರೆಯೋದು ಎಷ್ಟು ಸುಲಭ ಅನ್ನಿಸಿತು, ಎಷ್ಟು ಕೆಟ್ಟದಾಗಿದೆ ಅಂತ ತಿಳಿಯೋಕೆ ಸ್ವಲ್ಪ ದಿನ ಬೇಕಾಯ್ತು. ಹಾಡೋರು? ಮಾವನೇ ಹಾಡಬೇಕು ಅಂತ ನನ್ನ ಹಟ. ಫ್ಯಾಮಿಲಿ ಗ್ರೂಪಿನಲ್ಲಿದ್ದ ಅವರ ಹಳೇ ವಾಯ್ಸ್ ನೋಟ್‌ಗಳನ್ನೆಲ್ಲ ಗುಡ್ಡೆ ಹಾಕಿದೆ. ಹುಟ್ಟುಹಬ್ಬಕ್ಕೆ ಹಾಡಿದ್ದು, ‘ಬಸ್ ಹತ್ತಿದ್ಯಾ?’ ಅಂತ ಕೇಳಿದ್ದು ಎಲ್ಲ ಸೇರಿ 11 ನಿಮಿಷ. ಅದನ್ನ ವಾಯ್ಸ್ ಕನ್ವರ್ಷನ್ ಮಾಡೆಲ್‌ಗೆ ಉಣಿಸಿದೆ. ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಮುಖ್ಯ. ಹಾಡನ್ನ ಯಾರಾದರೂ ಒಬ್ಬರು ನಿಜವಾಗಿ ಹಾಡಬೇಕು. ಆ ಹಾಡಿನ ಸ್ವರ, ಉಸಿರು, ಎಳೆತ, ಉಚ್ಚಾರ ಎಲ್ಲ ಹಾಡಿದವರದೇ. ಮಾಡೆಲ್ ಮಾಡೋದು ದನಿಯ ಬಣ್ಣ ಬದಲಾಯಿಸೋದು ಅಷ್ಟೇ. ಹಾಡಿದ್ದು ನಾನು. ಬಾತ್‌ರೂಮಲ್ಲಿ, ಹಾಸ್ಟೆಲ್ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ.

ಬಂದದ್ದು ಕೇಳಿ ರೂಮ್‌ಮೇಟ್ ‘ಗೂಸ್‌ಬಂಪ್ಸ್’ ಅಂದಳು. ನನಗೂ ಹಾಗೇ ಅನ್ನಿಸಿತು. ಕೊನೆಯ ಒಂಬತ್ತು ಸೆಕೆಂಡ್ ಏನೋ ಗದ್ದಲ ಇತ್ತು, ಅದನ್ನ ಶುರುವಲ್ಲೇ ಕತ್ತರಿಸಿ ಬಿಸಾಕಿದ್ದೆ. ಕ್ಲೀನ್ ಆಗಿ, ಮೂರೂವರೆ ನಿಮಿಷದ ಪೂರ್ತಿ ಹಾಡು.

ವಾರದ ಕೊನೆಗೆ ಊರಿಗೆ ಹೋದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ತಾ ನಿಂತೇ ಕೇಳಿದರು. ಪಲ್ಲವಿಗೆ ಕಣ್ಣು ತುಂಬಿತು. ಮೊದಲನೇ ಚರಣ ಮುಗೀತು. ಎರಡನೇ ಚರಣ ಬಂತು. ನಾನು ಅವರ ಮುಖವನ್ನೇ ನೋಡ್ತಿದ್ದೆ. ಅತ್ತೆ ತಲೆ ಸ್ವಲ್ಪ ಓರೆ ಮಾಡಿ, ಪೂರ್ತಿ ಕೇಳಿ, ತುಂಬಾ ಮೃದುವಾಗಿ ಅಂದರು: “ಚೆನ್ನಾಗಿದೆ ಕಣೇ. ಇದು ಯಾರು ಹಾಡಿದ್ದು?”

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಯಾಕಂದ್ರೆ ಅವರು ಕೇಳಿದ್ದು ಅಕ್ಷರಶಃ ಸರಿ. ಹಾಡಿದ್ದು ಮಾವ ಅಲ್ಲ, ನಾನು. ಮಾವ ‘ಳ’ವನ್ನ ನಾಲಿಗೆ ಮಡಿಸಿ ಗಟ್ಟಿಯಾಗಿ ಹೇಳೋರು. ಅವರ ದನಿಯ ಬಣ್ಣ ಬಳಿದುಕೊಂಡ ಆ ಚರಣದಲ್ಲಿ ‘ಮಳೆ’ ನನ್ನ ಇಂಗ್ಲಿಷ್ ಮೀಡಿಯಂ ಬಾಯಲ್ಲಿ ಹೇಗೆ ‘ಮಲೆ’ಗೆ ಹತ್ತಿರ ಆಗುತ್ತೋ ಹಾಗೇ ಇತ್ತು.

“ಮತ್ತೆ ಕೊನೇಲಿ ನಮ್ಮ ಮಾತು ಇತ್ತಲ್ಲ, ಅದೆಲ್ಲಿ?” ಅಂದರು.

ಅದೇ ಒಂಬತ್ತು ಸೆಕೆಂಡ್. ಒರಿಜಿನಲ್ ಫೈಲ್ ಹಾಕಿದೆ. ಮಾವ ಎರಡನೇ ಚರಣ ಗುನುಗ್ತಿರ್ತಾರೆ. ದೂರದಿಂದ ಅತ್ತೆ ದನಿ: “ರೀ, ಹಾಲು ತಂದ್ರಾ?” ಗುನುಗೋದು ನಿಲ್ಲುತ್ತೆ. “ಹೋಗ್ತೀನಿ ಇರೇ.” ಕುರ್ಚಿ ಸರಿದ ಸದ್ದು. ಅಷ್ಟೇ. ಹಾಡು ಅರ್ಧಕ್ಕೆ ನಿಂತಿದ್ದು ಅದಕ್ಕೆ. ಈ ಫೈಲನ್ನ ನಾನು ಇನ್ನೂರು ಸಲ ಕೇಳಿದ್ದೆ, ಸ್ಪೆಕ್ಟ್ರೋಗ್ರಾಂನಲ್ಲಿ ಕಣ್ಣಿಟ್ಟು ನೋಡಿದ್ದೆ. ಅದರಲ್ಲಿ ಇಬ್ಬರು ಇದ್ದಾರೆ ಅಂತ ನನಗೆ ಹೊಳೆದೇ ಇರಲಿಲ್ಲ.

ವಾಪಸ್ ಬಸ್ಸಿನಲ್ಲಿ ‘ನೌ ಅಂಡ್ ದೆನ್’ ಮತ್ತೆ ಕೇಳಿದೆ. ಆ ಹಾಡು ಬಂದಾಗ ದೊಡ್ಡ ಗಲಾಟೆ ಆಗಿದ್ದು ಎಐ ಅನ್ನೋ ಎರಡಕ್ಷರಕ್ಕೆ. ಜಾನ್ ದನಿಯನ್ನ ಕಂಪ್ಯೂಟರ್‌ನಿಂದ ಹುಟ್ಟಿಸಿದ್ದಾರೆ ಅಂತ ಜನ ಅಂದುಕೊಂಡರು. ಕೃತಕವಾಗಿ ಏನನ್ನೂ ಸೃಷ್ಟಿ ಮಾಡಿಲ್ಲ ಅಂತ ಪಾಲ್ ಸ್ಪಷ್ಟನೆ ಕೊಡಬೇಕಾಯ್ತು. ಅದು ನಿಜ. ಅಲ್ಲಿ ಕೇಳೋ ಪ್ರತಿ ಉಸಿರನ್ನೂ ಜಾನ್ ಒಂದು ದಿನ ನಿಜವಾಗಿ ಉಸಿರಾಡಿದ್ದ. ಗೀರಿ ಹೊರಗೆ ತೆಗೆಯೋದಕ್ಕೂ ಹೊಸದಾಗಿ ಅಚ್ಚು ಹಾಕೋದಕ್ಕೂ ಇರೋ ವ್ಯತ್ಯಾಸ ಅತ್ತೆಗೆ ಒಂದೇ ಸಲಕ್ಕೆ ಕೇಳಿಸಿತ್ತು. ನನಗೆ ಮೂರು ವಾರ ಹಿಡಿಯಿತು.

ಆದರೆ ಇನ್ನೊಂದು ವಿಷಯ ಈಗ ಚುಚ್ಚೋಕೆ ಶುರುವಾಯ್ತು. ಜಾನ್‌ನ ಮೂಲ ಟೇಪಿನಲ್ಲಿ ಇನ್ನೊಂದು ಭಾಗವಿತ್ತು, ಪಲ್ಲವಿಗೆ ಮುಂಚೆ ಬರೋದು. 2023ರ ಹಾಡಿನಲ್ಲಿ ಅದನ್ನ ಬಿಟ್ಟಿದ್ದಾರೆ. ಮೂಲ ಡೆಮೊ ಕೇಳಿದ್ದ ಅಭಿಮಾನಿಗಳು ಗೊಣಗಿದರು. ಮೊದಲು ನಾನು, ‘ಎಡಿಟಿಂಗ್ ಅಂದ್ರೆ ಅದೇ ಅಲ್ವಾ?’ ಅಂತ ವಾದ ಮಾಡಿದ್ದೆ. ಹಾಡು ಬಿಗಿಯಾಗಿದೆ, ಒಪ್ಪುತ್ತೀನಿ. ಆದರೂ ಅವನು ಹಾಡಿದ್ದನ್ನ ತೆಗೆದು, ಅವನು ಕೇಳೇ ಇರದ ಪಿಟೀಲು ಮೇಳ ಸೇರಿಸಿ, ಇದು ಪೂರ್ತಿಯಾಯ್ತು ಅನ್ನೋಕೆ ಯಾರಿಗೆ ಹಕ್ಕಿದೆ? ಪಾಲ್‌ಗೆ ಇದೆ ಅನ್ನಿಸುತ್ತೆ. ಹದಿಹರೆಯದಿಂದ ಇಬ್ಬರೂ ಒಬ್ಬರ ಹಾಡನ್ನ ಇನ್ನೊಬ್ಬರು ತಿದ್ದಿ, ಮುಗಿಸಿ ಬೆಳೆದವರು. 1994ರಲ್ಲಿ ಸ್ಟುಡಿಯೋಗೆ ಹೋದಾಗ ಪಾಲ್ ಮಿಕ್ಕವರಿಗೆ ಒಂದು ಉಪಾಯ ಹೇಳಿದ್ದನಂತೆ: ಜಾನ್ ರಜಕ್ಕೆ ಹೋಗಿದ್ದಾನೆ, ನೀವೇ ಮುಗಿಸಿ ಅಂತ ಟೇಪ್ ಕಳಿಸಿದ್ದಾನೆ ಅಂದುಕೊಳ್ಳೋಣ ಅಂತ. ಅವರಿಗೆ ಹಾಗೆ ಅಂದುಕೊಳ್ಳೋಕೆ ಒಂದು ಆಧಾರ ಇತ್ತು. ನನಗೆ? ನಾನು ವೈರ್ ಸುತ್ತಿದವಳು.

ಸತ್ತವರ ಕೆಲಸ ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ. 1791ರಲ್ಲಿ ಮೊಟ್ಸಾರ್ಟ್ ತನ್ನ ರೆಕ್ವಿಯಂ ಅರ್ಧಕ್ಕೆ ಬಿಟ್ಟು ಹೋದಾಗ ಜ್ಯೂಸ್‌ಮಾಯರ್ ಮುಗಿಸಿದ, ಇವತ್ತಿಗೂ ಬೈಸಿಕೊಳ್ತಿದ್ದಾನೆ. ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರದ ಒಂದು ಹಾಡಿಗೆ ತೀರಿಹೋದ ಬಂಬಾ ಬಕ್ಯಾ, ಶಾಹುಲ್ ಹಮೀದ್ ಇಬ್ಬರ ದನಿಯನ್ನ ಎಐನಿಂದ ತಂದರು. ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟಿದ್ದೇವೆ ಅಂದರು. ಅದು ಮುಗಿಸಿದ್ದಲ್ಲ, ಹೊಸ ಹಾಡನ್ನೇ ಹಾಡಿಸಿದ್ದು. ನನಗೆ ಇನ್ನೂ ಅಭಿಪ್ರಾಯ ಕೂತಿಲ್ಲ. ನಮ್ಮಲ್ಲಿ ‘ಜೇಮ್ಸ್’ ನೆನಪಿದೆಯಲ್ಲ? ಅಪ್ಪು ಡಬ್ಬಿಂಗ್ ಮಾಡೋ ಮುಂಚೆ ಹೋದರು, ಶಿವಣ್ಣ ದನಿ ಕೊಟ್ಟರು. 2022ರ ಮಾರ್ಚ್ 17ಕ್ಕೆ ಸಿನಿಮಾ ಬಂತು. ಮುಂದಿನ ತಿಂಗಳೇ ತಂತ್ರಜ್ಞಾನದ ಸಹಾಯದಿಂದ ಅಪ್ಪು ಅವರದೇ ದನಿ ಕೂರಿಸಿದ ಪ್ರಿಂಟ್ ಥಿಯೇಟರಿಗೆ ಬಂತು. ನಾನು ನೋಡಿದ್ದು ಮೊದಲನೆಯದು. ತಮ್ಮನ ಬಾಯಿಗೆ ಅಣ್ಣನ ದನಿ. ಎಲ್ಲಿ ನೋಡಿದ್ರೂ ಹೊಲಿಗೆ ಕಾಣುತ್ತೆ. ಥಿಯೇಟರಲ್ಲಿ ಅಳ್ತಿದ್ದವರು ಆ ಹೊಲಿಗೆ ನೋಡಿಯೇ ಅಳ್ತಿದ್ದರು ಅಂತ ನನ್ನ ಅಂದಾಜು.

ನನಗೆ ದಾರಿ ತೋರಿಸಿದ್ದು ಕ್ವೀನ್ ತಂಡದ ‘ಮದರ್ ಲವ್’. ಫ್ರೆಡ್ಡಿ ಮರ್ಕ್ಯುರಿ 1991ರಲ್ಲಿ ಕಾಯಿಲೆ ಜೋರಾಗಿದ್ದಾಗ ಹಾಡಿದ್ದು. ಕೊನೇ ಚರಣ ಆಮೇಲೆ ಬಂದು ಹಾಡ್ತೀನಿ ಅಂತ ಎದ್ದುಹೋದ, ಬರಲಿಲ್ಲ. ಗಿಟಾರಿಸ್ಟ್ ಬ್ರಯನ್ ಮೇ ಆ ಚರಣ ತಾನೇ ಹಾಡಿದ, ತನ್ನದೇ ದನಿಯಲ್ಲಿ. 1995ರಲ್ಲಿ ಬಂದ ‘ಮೇಡ್ ಇನ್ ಹೆವನ್’ ಆಲ್ಬಂನಲ್ಲಿದೆ. ಕೇಳಿ ನೋಡಿ. ಫ್ರೆಡ್ಡಿ ಎಲ್ಲಿ ಎದ್ದುಹೋದ ಅನ್ನೋದು ಗೊತ್ತಾಗುತ್ತೆ, ಯಾರೂ ಅದನ್ನ ಮುಚ್ಚಿಟ್ಟಿಲ್ಲ.

ಮೂರೂವರೆ ನಿಮಿಷದ ಫೈಲ್ ಡಿಲೀಟ್ ಮಾಡಿದೆ. ಮಾಡೆಲನ್ನೂ ಡಿಲೀಟ್ ಮಾಡಿದೆ. ಅದು ಲ್ಯಾಪ್‌ಟಾಪಿನಲ್ಲಿ ಇದ್ರೆ ಯಾವತ್ತಾದರೂ ಒಂದು ದಿನ ಮಾವನ ದನಿಯಲ್ಲಿ ನನ್ನ ಹೆಸರು ಕರೆಸಿಕೊಂಡುಬಿಡ್ತೀನೇನೋ ಅನ್ನೋ ಭಯ. ನನ್ನ ಮಳೆ, ಮನಸು ಸಾಲುಗಳಿಗೂ ತಿಲಾಂಜಲಿ.

ಮಾವನ ಮಗ ಫಸ್ಟ್ ಪಿಯುಸಿ ಓದ್ತಿದ್ದಾನೆ. ಅಪ್ಪನ ಹಳೇ ಯಮಹಾ ಕೀಬೋರ್ಡಿನಲ್ಲಿ ಕೇಳಿ ಕೇಳಿ ಅಷ್ಟಿಷ್ಟು ನುಡಿಸ್ತಾನೆ, ಯಾರೂ ಹೇಳಿಕೊಟ್ಟಿಲ್ಲ. ಅಪ್ಪ ಗುನುಗಿದ ಅರ್ಧ ಚರಣವನ್ನ ಅವನಿಗೆ ಕಳಿಸಿ, ‘ಮಿಕ್ಕಿದ್ದು ನಿನಗೆ ಹೇಗೆ ಅನ್ಸುತ್ತೋ ಹಾಗೆ ನುಡಿಸು, ಮಾತು ಬೇಡ’ ಅಂದೆ. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ಎಂಟು ಫೈಲ್ ಬಂತು. ಏಳರಲ್ಲಿ ಅವನು ಅಪ್ಪನ ಹಾಗೆ ನುಡಿಸೋಕೆ ಹೋಗಿ ಎಡವಿದ್ದ. ಎಂಟನೆಯದರಲ್ಲಿ ಒಂದು ಕಡೆ ಸ್ವರ ತಪ್ಪಿದೆ, ಆದರೆ ನಿಲ್ಲಿಸಿಲ್ಲ, ಆ ತಪ್ಪಿನಿಂದಲೇ ಬೇರೆ ದಾರಿ ಹಿಡಿದು ಪಲ್ಲವಿಗೆ ಬಂದು ಸೇರಿದ್ದಾನೆ. ಅದನ್ನೇ ಇಟ್ಟುಕೊಂಡೆ. ‘ಅಕ್ಕ, ಅಲ್ಲಿ ತಪ್ಪಾಗಿದೆ, ಸರಿ ಮಾಡು’ ಅಂತ ಮೂರು ಸಲ ಮೆಸೇಜ್ ಮಾಡಿದ. ಮಾಡಲಿಲ್ಲ.

ಈಗಿರೋ ಫೈಲ್ ಹೀಗಿದೆ. ಮಾವನ ಪಲ್ಲವಿ, ಚರಣ. ಫ್ಯಾನ್ ಸ್ವಲ್ಪ ತಗ್ಗಿಸಿದ್ದೀನಿ, ಪೂರ್ತಿ ತೆಗೆದಿಲ್ಲ. ಒಂದು ಕುಕ್ಕರ್ ವಿಷಲ್ ಇದೆ. ಮಾವ ಗುನುಗ್ತಾರೆ, ಅತ್ತೆ ಹಾಲು ಕೇಳ್ತಾರೆ, ಮಾವ ಎದ್ದು ಹೋಗ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೀಬೋರ್ಡ್ ಒಂದೇ.

ಗಣಪತಿ ಹಬ್ಬದ ನಾಲ್ಕನೇ ದಿನ ಪೆಂಡಾಲಿನಲ್ಲಿ ಹಾಕಿದರು. ‘ರೀ, ಹಾಲು ತಂದ್ರಾ?’ ಬಂದ ತಕ್ಷಣ ಇಡೀ ಪೆಂಡಾಲ್ ಗೊಳ್ ಅಂತ ನಕ್ಕಿತು. ನನ್ನ ಎದೆ ಧಸಕ್ ಅಂತು. ಎರಡನೇ ಸಾಲಿನಲ್ಲಿ ಕೂತಿದ್ದ ಅತ್ತೆ ಕಡೆ ನೋಡಿದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅವರೂ ನಗ್ತಿದ್ದರು, ಪಕ್ಕದವರ ತೋಳು ತಟ್ಟಿ ‘ನಾನೇ ಅದು’ ಅಂತ ಹೇಳ್ತಿದ್ದರು. ಕೀಬೋರ್ಡ್ ಶುರುವಾದಾಗ ಸದ್ದಡಗಿತು. ಮುಗಿದ ಮೇಲೆ ಚಪ್ಪಾಳೆ ಬಿತ್ತು. ಮುಂದಿನ ಹಾಡಿಗೆ ಡ್ರಮ್ಸ್‌ನವರು ಆಗಲೇ ಕೋಲು ಎತ್ತಿದ್ದರು.

ಸ್ಪೀಕರ್‌ನಲ್ಲಿ ಸಣ್ಣಗೆ ಗುಂಯ್ ಅಂತಿತ್ತು. ಒಬ್ಬರು ಮೈಕ್ ತಟ್ಟಿ, ‘ಹಲೋ ಹಲೋ’ ಅಂತ ನೋಡ್ತಿದ್ದರು. ನಾನು ಎದ್ದು ಸ್ಟೇಜ್ ಹಿಂದೆ ಹೋದೆ.